ಇನ್ನೊಂದು ಪಾರ್ಟಿ

“ಇನ್ನೊಬ್ಬಳು ಬಂದು ಕೇಳಿಕೊಂಡು ಹೋಗಿದಾಳೆ ಕಣಮ್ಮ. ಸಂಜೆ ಅಡ್ವಾನ್ಸ್ ತರ್ತೀನಿ ಅಂದಿದಾಳೆ. ಇನ್ನು ನಿನಗೆ ಬಿಟ್ಟಿದ್ದು.”

ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಕೋಣೆ ನೋಡಲು ಬಂದು, ಹಿಡಿಸಿಯೂ ಹಿಡಿಸದ ಹಾಗೆ ಬಾಗಿಲಲ್ಲಿ ನಿಂತು ಉಗುರು ಕಚ್ಚುವ ಪ್ರತಿಯೊಬ್ಬ ಹುಡುಗಿಗೂ ವಾರ್ಡನ್ ಈ ಮಾತು ಹೇಳುತ್ತಿದ್ದರು. ಹೇಳಿ, ಕೈಯಲ್ಲಿದ್ದ ಬೀಗದ ಕೈ ಗೊಂಚಲನ್ನು ಸುಮ್ಮನೆ ಒಮ್ಮೆ ಅಲ್ಲಾಡಿಸುತ್ತಿದ್ದರು. ಹುಡುಗಿ ಅಲ್ಲೇ ನಿಂತು ಮನೆಗೆ ಫೋನು ಮಾಡಿ, ಅಲ್ಲೇ ಹೂಂ ಅನ್ನುತ್ತಿದ್ದಳು. ಆ ‘ಇನ್ನೊಬ್ಬಳು’ ಎನ್ನುವವಳು ಯಾವ ಕಾಲಕ್ಕೂ ಇರಲಿಲ್ಲ. ವಾರ್ಡನ್ನಿಗೆ ಇದರಲ್ಲಿ ಪಾಪ ಗೀಪ ಏನೂ ಕಂಡಿರಲಿಲ್ಲ. ಎಳೆಯರಿಗೆ ಮನಸ್ಸು ಗಟ್ಟಿ ಮಾಡಿಕೊಳ್ಳಲು ಹಿಂದಿನಿಂದ ಯಾರಾದರೂ ಒಂಚೂರು ತಳ್ಳಬೇಕು, ತಾವು ತಳ್ಳುತ್ತಿದ್ದರು, ಅಷ್ಟೇ.

ಅದಕ್ಕೇ, ಸೈಟು ತೋರಿಸಿದ ಬ್ರೋಕರು “ಇನ್ನೊಂದು ಪಾರ್ಟಿ ಇದೆ ಮೇಡಂ” ಎಂದಾಗ ಅವರಿಗೆ ನಗು ಬಂತು. ತಾವೇ ಹೊಲಿದ ಅಂಗಿಯನ್ನು ಬೇರೆಯವರ ಮೈಮೇಲೆ ನೋಡಿದ ಹಾಗಾಯಿತು.

ವಾರ್ಡನ್ನಿಗೆ ಅದು ನಿವೃತ್ತಿಯ ವರ್ಷ. ಹೆಸರು ಇಲ್ಲದೆ ಏನಿಲ್ಲ, ಆದರೆ ಅದನ್ನು ಹಿಡಿದು ಕರೆಯುವವರು ಒಬ್ಬೊಬ್ಬರಾಗಿ ತೀರಿಹೋಗಿ, ಹಾಲಿನವನಿಗೂ ಪೋಸ್ಟಿನವನಿಗೂ ಅವರು ‘ವಾರ್ಡನ್’ ಆಗಿಬಿಟ್ಟಿದ್ದರು. ಅವರ ಕೋಣೆ ಗೇಟಿಗೆ ಅಂಟಿಕೊಂಡೇ ಇತ್ತು. ಒಂದು ಮಂಚ, ಒಂದು ಬೀರು, ಗೋಡೆಯ ತುಂಬ ಬೀಗದ ಕೈ ನೇತುಹಾಕುವ ಮೊಳೆಗಳು, ಗೇಟಿನ ಕಡೆಗೆ ಒಂದು ಕಿಟಕಿ. ತಡವಾಗಿ ಬಂದ ಹುಡುಗಿಯರು ಬಡಿಯುತ್ತಿದ್ದುದು ಆ ಕಿಟಕಿಯನ್ನೇ. ಯಾರಿಗೆ ಯಾವಾಗ ಹೊಟ್ಟೆನೋವು ಬರುತ್ತದೋ, ಯಾರು ಯಾವಾಗ ಅಳುತ್ತ ಕೆಳಗಿಳಿದು ಬರುತ್ತಾರೋ ಗೊತ್ತಿಲ್ಲ ಎಂದು ವಾರ್ಡನ್ ಕೋಣೆಯ ಬಾಗಿಲಿಗೆ ಚಿಲಕ ಹಾಕಬಾರದೆಂಬ ನಿಯಮವಿತ್ತು. ಅವರು ತಮ್ಮ ಅರ್ಧ ಆಯುಸ್ಸನ್ನು ಚಿಲಕ ಹಾಕದ ಬಾಗಿಲ ಹಿಂದೆ ಮಲಗಿ ಕಳೆದಿದ್ದರು.

ಹುಡುಗಿಯರು ಬರುತ್ತಿದ್ದರು, ವರ್ಷವೋ ಎರಡು ವರ್ಷವೋ ಇದ್ದು, ಮದುವೆ ಅಂತಲೋ ಬೇರೆ ಕೆಲಸ ಅಂತಲೋ ಹೋಗುತ್ತಿದ್ದರು. ಹೋಗುವಾಗ ಅಪ್ಪಿಕೊಂಡು, “ನಿಮ್ಮನ್ನ ಮರೆಯಲ್ಲ ಆಂಟಿ” ಎನ್ನುತ್ತಿದ್ದರು. ಆಮೇಲೆ ಅವರ ಬಕೀಟು ಮಾತ್ರ ಉಳಿಯುತ್ತಿತ್ತು. ಬಕೀಟು, ಬಟ್ಟೆ ನೇತುಹಾಕುವ ಹ್ಯಾಂಗರು, ಅರ್ಧ ಖಾಲಿಯಾದ ಶಾಂಪೂ, ಕಡ್ಡಿ ಮುರಿದ ಕೊಡೆ. ಎಲ್ಲವೂ ವಾರ್ಡನ್ನಿನ ಮಂಚದ ಕೆಳಗೆ ಸೇರುತ್ತಿದ್ದವು. ಅವರು ಜೀವನದಲ್ಲಿ ದುಡ್ಡು ಕೊಟ್ಟು ಬಕೀಟು ಕೊಂಡವರಲ್ಲ.

ಈಗ ಕಂಪ್ಯೂಟರು ಬಲ್ಲ ಹೊಸ ವಾರ್ಡನ್ ಬರುವವಳಿದ್ದಳು. ಕೋಣೆ ಬಿಡಬೇಕಿತ್ತು. ಬಾಡಿಗೆ ಮನೆ ಹುಡುಕಲು ಹೊರಟರೆ ಎಲ್ಲ ಕಡೆಯೂ ಒಂದೇ ಪ್ರಶ್ನೆ: “ನೀವೊಬ್ರೇನಾ?” ಒಬ್ಬರೇ ಎಂದರೆ ಮನೆಯವರ ಮುಖ ಸಣ್ಣದಾಗುತ್ತಿತ್ತು. ನಾಳೆ ಒಳಗೆ ಬಿದ್ದು ಗಿದ್ದರೆ ಯಾರು ಬಂದು ನೋಡಬೇಕು ಎಂಬ ಲೆಕ್ಕ ಆ ಮುಖದಲ್ಲಿ ಕಾಣುತ್ತಿತ್ತು.

ಹೀಗೆ ಮನೆ ಹುಡುಕುತ್ತಿದ್ದ ದಿನಗಳಲ್ಲೇ ಒಮ್ಮೆ ತಪ್ಪು ಬಸ್ಸು ಹತ್ತಿ, ಎಲ್ಲಿ ಇಳಿಯಬೇಕೆಂದು ತಿಳಿಯದೆ ಕೊನೆಯ ಸ್ಟಾಪಿಗೇ ಹೋಗಿ ಇಳಿದಿದ್ದರು. ಬಸ್ಸು ತಿರುಗುವ ಜಾಗದಿಂದ ಒಂದು ರಸ್ತೆ, ರಸ್ತೆಯ ತುದಿಗೆ ನೀರಿನ ಟ್ಯಾಂಕು, ಟ್ಯಾಂಕಿನ ಪಕ್ಕ ಒಂದು ಖಾಲಿ ಸೈಟು. ಮೂಲೆಯಲ್ಲಿ ಸೀಬೆ ಗಿಡ. ಗಿಡಕ್ಕೆ ತಂತಿಯಲ್ಲಿ ಕಟ್ಟಿದ ‘ಮಾರಾಟಕ್ಕಿದೆ’ ಬೋರ್ಡು. ವಾರ್ಡನ್ ಅಕ್ಕಪಕ್ಕ ನೋಡಿ, ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಒಳಗೆ ಕಾಲಿಟ್ಟರು. ಇಲ್ಲಿ ಮಂಚ. ಇಲ್ಲಿ ಅಡುಗೆಮನೆ, ತಿರುಗಿದರೆ ಮೊಣಕೈ ತಗುಲದಷ್ಟು. ಇಲ್ಲಿ ಬಾತ್‌ರೂಮು. ಇಲ್ಲಿ ಬಾಗಿಲು. ಬಾಗಿಲು ಇರಬೇಕಾದ ಜಾಗದಲ್ಲಿ ನಿಂತು ಗಾಳಿಯಲ್ಲೇ ಒಂದು ಚಿಲಕ ಸರಿಸಿದರು. ಆಮೇಲೆ ನಾಚಿಕೆಯಾಗಿ, ಬೋರ್ಡಿನ ಮೇಲಿದ್ದ ನಂಬರಿಗೆ ಫೋನು ಮಾಡಿದರು.

ಬೈಕಿನಲ್ಲಿ ಬಂದ ಬ್ರೋಕರು ತಂಪು ಕನ್ನಡಕವನ್ನು ಕಣ್ಣಿಗೆ ಹಾಕದೆ ತಲೆಯ ಮೇಲೆ ಏರಿಸಿಕೊಂಡಿದ್ದ. ಬಿಸಿಲಲ್ಲಿ ಕಣ್ಣು ಕಿರಿದು ಮಾಡಿಕೊಂಡೇ ಮಾತಾಡುತ್ತಿದ್ದ, ಕನ್ನಡಕ ಮಾತ್ರ ಕೆಳಗಿಳಿಯುತ್ತಿರಲಿಲ್ಲ. ಕಂಡವರಿಗೆಲ್ಲ ಅಡ್ಡಹೆಸರಿಡುವ ಚಾಳಿಯಿದ್ದ ವಾರ್ಡನ್ ಅವನನ್ನು ಮನಸ್ಸಿನಲ್ಲೇ ‘ಕೂಲಿಂಗ್ ಗ್ಲಾಸು’ ಎಂದು ಕರೆದರು.

“ಸೈಟು ಹಲ್ಲಿನ ಡಾಕ್ಟರದ್ದು ಮೇಡಂ. ವಯಸ್ಸಾಗಿದೆ, ಕ್ಲಿನಿಕ್ ಮುಚ್ಚಿದಾರೆ. ಪತ್ರ ಎಲ್ಲ ಕ್ಲೀನು, ಯಾವ ವಕೀಲರಿಗೆ ಬೇಕಾದ್ರೂ ತೋರಿಸಿ. ಬೆಳಗಿನ ಬಿಸಿಲು ಸೀದಾ ನಿಮ್ಮ ಅಡುಗೆಮನೆಗೆ.”

“ಅಡುಗೆಮನೆ ಎಲ್ಲಿ ಬರುತ್ತೆ ಅಂತ ನಿನಗೆ ಹೇಗೆ ಗೊತ್ತಪ್ಪ?”

“ನೀವು ಎಲ್ಲಿ ಕಟ್ಟಿದ್ರೂ ಬರುತ್ತೆ ಬಿಡಿ ಮೇಡಂ, ಅಂಥಾ ಸೈಟು.”

ವಾರ್ಡನ್ ಗಟ್ಟಿಯಾಗಿ ನಕ್ಕರು. ವಕೀಲರಿಗೂ ಪತ್ರ ತೋರಿಸಿದರು, ಸರಿಯಿತ್ತು. ತಮ್ಮ ಕೈಲಾದ ಬೆಲೆ ಹೇಳಿದರು. ಮಾರನೆಯ ದಿನ ಕೂಲಿಂಗ್ ಗ್ಲಾಸು ಹಾಸ್ಟೆಲಿನ ಗೇಟಿಗೇ ಬಂದು ಆ ಮಾತು ಹೇಳಿದ: ಇನ್ನೊಂದು ಪಾರ್ಟಿ ಇದೆ ಮೇಡಂ.

“ಇರಲಿ ಬಿಡು” ಎಂದರು ವಾರ್ಡನ್. “ಸಂಜೆ ಅಡ್ವಾನ್ಸ್ ತರ್ತೀನಿ ಅಂದಿದಾರಾ?”

“ನಿಮಗೆ ಹೇಗೆ ಗೊತ್ತಾಯ್ತು?”

“ಗೊತ್ತಾಗುತ್ತೆ.”

ನಕ್ಕು ಕಳಿಸಿದ್ದೇನೋ ಹೌದು. ಆದರೆ ಅವನು ಹೋದ ಮೇಲೆ ಎದೆಯೊಳಗೆ ಮುಳ್ಳೊಂದು ಚುಚ್ಚತೊಡಗಿತು. ಅಕಸ್ಮಾತ್ ನಿಜವಿದ್ದರೆ? ತಮ್ಮ ಸುಳ್ಳನ್ನು ನಂಬದೆ ಎದ್ದುಹೋದ ಹುಡುಗಿಯರು ಎಷ್ಟೋ ಮಂದಿ ಇದ್ದರು, ಅವರಿಗೆ ನಷ್ಟವೇನೂ ಆಗಿರಲಿಲ್ಲ. ತಾವು ನಂಬದೆ ಕುಳಿತು, ಆ ಸೀಬೆ ಗಿಡಕ್ಕೆ ಬೇರೆ ಯಾರೋ ಬಟ್ಟೆ ಒಣಹಾಕುವ ಹಗ್ಗ ಕಟ್ಟಿಬಿಟ್ಟರೆ?

ಇಂಥ ಹೊತ್ತಿಗೆ ಹಾಸ್ಟೆಲಿನಲ್ಲಿ ವಾರ್ಡನ್ನಿನದು ಒಂದು ಪದ್ಧತಿ ಇತ್ತು. ಯಾವಳಾದರೂ “ಅತ್ತೆ ಮನೆಗೆ ಹೋಗ್ತೀನಿ” ಎಂದು ರಾತ್ರಿ ಹೊರಗಿರಲು ಅನುಮತಿ ಕೇಳಿದರೆ, ತಾವು ಏನೂ ಕೇಳುತ್ತಿರಲಿಲ್ಲ. ಬೇರೊಬ್ಬ ಹುಡುಗಿಯ ಕೈಯಲ್ಲಿ, ಏನೂ ಅರಿಯದವಳ ಹಾಗೆ, ಆ ಅತ್ತೆಗೆ ಫೋನು ಮಾಡಿಸುತ್ತಿದ್ದರು. ಸುಳ್ಳಾಗಿದ್ದರೆ ಅಲ್ಲೇ ಗುಟ್ಟು ರಟ್ಟಾಗುತ್ತಿತ್ತು. ಆ ಸೈಟನ್ನು ಮಾರಿಸಲು ಓಡಾಡುತ್ತಿದ್ದ ಇನ್ನೊಬ್ಬನೂ ಇದ್ದ. ಬಸ್ ಸ್ಟಾಪಿನ ಎದುರಿನ ಜೆರಾಕ್ಸ್ ಅಂಗಡಿಯವನು, ಅಂಗಡಿಯ ಜೊತೆಗೆ ಬ್ರೋಕರಿಕೆಯನ್ನೂ ಇಟ್ಟುಕೊಂಡಿದ್ದ. ಅವನಿಗೆ ಯಾರಿಂದಲಾದರೂ ಫೋನು ಮಾಡಿಸಿದರೆ ತೀರಿತು.

ಯಾರಿಂದ? ವಾರ್ಡನ್ನಿಗೆ ಇದ್ದದ್ದು ಒಬ್ಬಳೇ, ತೀರಿಹೋದ ತಂಗಿಯ ಮಗಳು. ಊರಿನ ಇನ್ನೊಂದು ತುದಿಯಲ್ಲಿ ಗಂಡ ಮತ್ತು ಮಗುವಿನ ಜೊತೆ ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿದ್ದಳು. ಒಳ್ಳೆಯ ಹುಡುಗಿ. ಆದರೆ ಮಗು ಹುಟ್ಟಿದಾಗಿನಿಂದ ಅವಳ ಜೀವ ಅವಳ ಕೈಯಲ್ಲಿರಲಿಲ್ಲ. ಮಗು ಕೆಮ್ಮಿದರೆ ಅವಳ ಎದೆ ಹಿಡಿದುಕೊಳ್ಳುತ್ತಿತ್ತು, ಕೆಮ್ಮದಿದ್ದರೆ ಯಾಕೆ ಸುಮ್ಮನಿದೆ ಎಂದು ಹೋಗಿ ಮೂಗಿನ ಹತ್ತಿರ ಬೆರಳಿಡುತ್ತಿದ್ದಳು. ವಾರ್ಡನ್ ಫೋನು ಮಾಡಿದಾಗಲೂ ಹಿಂದೆ ಮಿಕ್ಸಿಯ ಸದ್ದು, ಮಗುವಿನ ರಾಗ.

“ದೊಡ್ಡಮ್ಮ, ಬೇಗ ಹೇಳು, ಪುಟ್ಟಿ ಬಾಯಲ್ಲಿ ಏನೋ ಹಾಕ್ಕೊಂಡಿದಾಳೆ. ಏಯ್, ಉಗಿ, ಉಗಿ ಅದನ್ನ!”

“ಏನಿಲ್ಲ ಕಣೇ. ಒಂದು ಸೈಟಿದೆ, ಅದರ ರೇಟು ವಿಚಾರಿಸಬೇಕಿತ್ತು. ನನ್ನ ಹೆಸರು ಎತ್ತಬೇಡ. ನೀನೇ ತಗೋಳೋ ಹಾಗೆ ಕೇಳು. ಬೇರೆ ಯಾರಾದ್ರೂ ಕೇಳಿದಾರಾ ಅಂತಾನೂ ಕೇಳು.”

“ನೀನು ಸೈಟ್ ತಗೋತಿದೀಯಾ?”

“ತಗೋಳೋದು ಗಿಗೋಳೋದು ಆಮೇಲೆ. ಸುಮ್ನೆ ವಿಚಾರಿಸು.”

ಅವಳು ವಿಚಾರಿಸಿದಳು. ಸಂಜೆ ಅವಳೇ ಫೋನು ಮಾಡಿದಳು. “ಹೌದು ದೊಡ್ಡಮ್ಮ, ಇನ್ನೊಂದು ಪಾರ್ಟಿ ಇದೆಯಂತೆ. ಬೆಲೇನೂ ಹೇಳಿಬಿಟ್ಟಿದಾರಂತೆ. ಅಯ್ಯೋ ತಡಿ, ಹಾಲು ಉಕ್ತಿದೆ, ಆಮೇಲೆ ಮಾಡ್ತೀನಿ.” ಆಮೇಲೆ ಮಾಡಲಿಲ್ಲ. ವಾರ್ಡನ್ನೂ ಮಾಡಲಿಲ್ಲ. ತಾವು ಮಾಡಿದರೆ ಆ ಹುಡುಗಿಗೆ ತೊಂದರೆ, ಬೇಕಾದರೆ ಅವಳೇ ಮಾಡುತ್ತಾಳೆ ಎನ್ನುವುದು ಅವರ ಅಭ್ಯಾಸ.

ಅಲ್ಲಿಗೆ ವಾರ್ಡನ್ ನಂಬಿದರು. ಮಾರನೆಯ ದಿನ ಕೂಲಿಂಗ್ ಗ್ಲಾಸು ಬಂದ ರೀತಿ ನೋಡಿ ಆ ನಂಬಿಕೆ ಇನ್ನೂ ಗಟ್ಟಿಯಾಯಿತು. ಮೊದಲ ಬಾರಿ ಕನ್ನಡಕ ತಲೆಯ ಮೇಲಿಂದ ಇಳಿದು ಅವನ ಕೈಗೆ ಬಂದಿತ್ತು. ಮುಖ ಇಂಗು ತಿಂದ ಮಂಗನ ಹಾಗಿತ್ತು.

“ಮೇಡಂ, ನಿಜವಾಗ್ಲೂ ಇನ್ನೊಂದು ಪಾರ್ಟಿ ಇದೆ!”

“ಹಾಗಂತ ಮೊದಲೇ ಹೇಳಿದ್ಯಲ್ಲ?”

“ಹೇಳಿದ್ದೆ, ಹೇಳಿದ್ದೆ. ಈಗ ಗಟ್ಟಿಯಾಗಿ ಹೇಳ್ತಿದೀನಿ. ಜೆರಾಕ್ಸ್‌ನವನು ತಂದಿದಾನೆ. ಗಂಡ ಹೆಂಡತಿ, ಒಂದು ಚಿಕ್ಕ ಮಗು. ಬಾಡಿಗೆ ಮನೇಲಿದಾರಂತೆ. ನಿಮಗಿಂತ ಸ್ವಲ್ಪ ಮೇಲೇ ಹೇಳಿದಾರೆ.”

ವಾರ್ಡನ್ ಕೋಣೆಗೆ ಹೋಗಿ ಮಂಚದ ಮೇಲೆ ಕುಳಿತರು. ಮೊದಲ ಸಲ ತಾವು ಬೆಲೆ ಏರಿಸಿದಾಗ ಮನಸ್ಸಿನಲ್ಲಿ ಕಟ್ಟಿದ್ದ ಮನೆಯ ಮುಂದಿನ ಜಗುಲಿ ಹೋಯಿತು. ಜಗುಲಿ ಇಲ್ಲದಿದ್ದರೇನು, ಕುರ್ಚಿ ಹೊರಗೆ ಹಾಕಿಕೊಂಡರಾಯಿತು. ವಾರ ಕಳೆಯುವುದರೊಳಗೆ ಆ ಪಾರ್ಟಿ ಮತ್ತೆ ಏರಿಸಿತು. ಎರಡನೆಯ ಸಲಕ್ಕೆ ನೆಲದ ಟೈಲ್ಸು ಹೋಯಿತು, ಬರೀ ಸಿಮೆಂಟು ಸಾಕು. ಮೂರನೆಯ ಸಲಕ್ಕೆ ಒಂದು ಕಿಟಕಿ. ಒಬ್ಬರೇ ಇರುವ ಮನೆಗೆ ಎರಡು ಕಿಟಕಿ ಯಾಕೆ ಎಂದು ತಮ್ಮನ್ನು ತಾವೇ ಗದರಿಕೊಂಡರು. ಗದರಿಕೊಂಡ ಮೇಲೆ ಬಹಳ ಹೊತ್ತು ಗೇಟನ್ನೇ ನೋಡುತ್ತ ಕುಳಿತರು.

ಆ ಇನ್ನೊಂದು ಪಾರ್ಟಿಯ ಮೇಲೆ ಮೊದಮೊದಲು ಸಿಟ್ಟೇ ಇತ್ತು. ಅವಳಿಗೇನು, ವಯಸ್ಸಿದೆ, ಗಂಡನಿದ್ದಾನೆ, ಊರಿನಲ್ಲಿ ಬೇರೆ ಸೈಟಿಲ್ಲವೆ? ಆದರೆ ಸಿಟ್ಟು ಮಾಡಿಕೊಳ್ಳಲು ಎದುರಿಗೊಂದು ಮುಖ ಬೇಕಲ್ಲ. ಆ ಮುಖವನ್ನು ಕಲ್ಪಿಸಿಕೊಳ್ಳುತ್ತ ಹೋದ ಹಾಗೆ ವಾರ್ಡನ್ನಿಗೆ ಅವಳ ಪರಿಚಯವಾಯಿತು. ತೆಳ್ಳಗಿದ್ದಾಳೆ. ಕೂದಲು ಸರಿಯಾಗಿ ಬಾಚಿಕೊಳ್ಳಲು ಪುರುಸೊತ್ತಿಲ್ಲ. ಬಾಡಿಗೆ ಮನೆಯ ಮಾಲೀಕನು ಮಗು ಗೋಡೆಯ ಮೇಲೆ ಗೀಚಿದ್ದಕ್ಕೆ ಬೈದಿದ್ದಾನೆ. ಅವಳೂ ಆ ಕೊನೆಯ ಸ್ಟಾಪಿನಲ್ಲಿ ಇಳಿದು, ಸೀಬೆ ಗಿಡ ನೋಡಿ, ಇಲ್ಲಿ ತೊಟ್ಟಿಲು ಕಟ್ಟಬಹುದು ಅಂದುಕೊಂಡಿದ್ದಾಳೆ. ಇಷ್ಟು ದೊಡ್ಡ ಊರಿನಲ್ಲಿ, ಆ ಧೂಳು ರಸ್ತೆಯ ತುದಿಯ ತುಂಡು ನೆಲ ಬೇಕು ಅನ್ನಿಸಿದ್ದು ಇಬ್ಬರಿಗೇ. ತಮಗೆ ಮತ್ತು ಅವಳಿಗೆ. ತಮ್ಮ ಮನಸ್ಸಿನಲ್ಲಿ ಇರುವುದೇ ಇನ್ನೊಬ್ಬರ ಮನಸ್ಸಿನಲ್ಲೂ ಇದೆ ಎಂದು ವಾರ್ಡನ್ನಿಗೆ ಅನ್ನಿಸಿ ಎಷ್ಟು ವರ್ಷವಾಗಿತ್ತೋ.

ಭಾನುವಾರ ಬಸ್ಸು ಹತ್ತಿ ಸೈಟಿಗೆ ಹೋಗಿ ಟ್ಯಾಂಕಿನ ನೆರಳಲ್ಲಿ ನಿಂತರು. ಅವಳು ಬರಬಹುದು, ನೋಡಬಹುದು ಎಂದು. ನೀರು ತುಂಬಿ ಟ್ಯಾಂಕು ಮೇಲಿಂದ ಸುರಿಯತೊಡಗಿತು, ಯಾರೋ ಬಂದು ವಾಲ್ವು ತಿರುಗಿಸಿ ಹೋದರು. ಅವಳು ಬರಲಿಲ್ಲ. ಪಾಪ, ಮಗುವಿಗೆ ಹುಷಾರಿಲ್ಲವೇನೋ.

ತಂಗಿಯ ಮಗಳಿಗೆ ಒಮ್ಮೆ ಫೋನು ಮಾಡಿದರು. ಇದನ್ನೆಲ್ಲ ಯಾರಿಗಾದರೂ ಹೇಳಬೇಕಿತ್ತು.

“ದೊಡ್ಡಮ್ಮ, ಪುಟ್ಟಿಗೆ ಜ್ವರ. ಈಗ್ತಾನೇ ಮಲಗಿದಾಳೆ. ಮೆಲ್ಲಗೆ ಮಾತಾಡು.”

“ಫೋನಲ್ಲಿ ನಾನು ಮೆಲ್ಲಗೆ ಮಾತಾಡಿದ್ರೆ ಮಗುಗೇನೇ?”

“ನನಗೆ ಗಾಬರಿ ಆಗುತ್ತೆ ದೊಡ್ಡಮ್ಮ. ಏನಾದ್ರೂ ಅರ್ಜೆಂಟಾ?”

“ಏನಿಲ್ಲ, ಮಲಕ್ಕೋ ನೀನೂ.”

ಅರ್ಜೆಂಟೇನೂ ಅಲ್ಲವಲ್ಲ. ಫೋನಿಟ್ಟರು.

ಆ ವಾರ ಹಾಸ್ಟೆಲಿನ ಬೀಗದ ಕೈಗಳನ್ನು ಒರೆಸಿ ಮೊಳೆಗೆ ಹಾಕುತ್ತಿದ್ದಾಗ ವಾರ್ಡನ್ನಿಗೆ ಒಂದು ಯೋಚನೆ ಬಂತು. ಬಂದದ್ದೇ ಕೈ ನಿಂತುಹೋಯಿತು. ಯಾಕೆ ಹೊಡೆದಾಡಬೇಕು? ಅಷ್ಟು ಉದ್ದದ ಸೈಟನ್ನು ಒಬ್ಬ ಹೆಂಗಸು ಏನು ಮಾಡಬೇಕು? ಅರ್ಧ ಅವರು, ಅರ್ಧ ನಾನು. ನಡುವೆ ಒಂದೇ ಗೋಡೆ, ಖರ್ಚೂ ಅರ್ಧರ್ಧ. ಗಿಡ ಅವರ ಕಡೆಗೇ ಇರಲಿ, ಮಗು ಇದೆ. ಅವಳಿಗೆ ಅಂಗಡಿಗೆ ಹೋಗಬೇಕಾದರೆ “ಒಂಚೂರು ನೋಡ್ಕೊಳ್ಳಿ” ಎಂದು ಮಗುವನ್ನು ಈ ಕಡೆಗೆ ದಾಟಿಸಲಿ. ತಮ್ಮ ಬಾಗಿಲಿಗೆ ಚಿಲಕ ಇರುತ್ತದೆ, ಇರಲಿ. ಹಗಲು ಹೊತ್ತಿನಲ್ಲಿ ಹಾಕುವುದು ಬೇಡ.

ಅಲ್ಲಿಂದಾಚೆಗೆ ಆ ಒಂದು ವಾಕ್ಯವನ್ನು ವಾರ್ಡನ್ ಎಷ್ಟು ರೀತಿಯಲ್ಲಿ ಹೇಳಿ ನೋಡಿಕೊಂಡರೋ. ಕನ್ನಡಿಯ ಮುಂದೆ ಹೇಳಿದರೆ ನೋಟೀಸು ಓದಿದ ಹಾಗಿತ್ತು. ಬಟ್ಟೆ ಹಿಂಡುತ್ತ ಹೇಳಿದರೆ ಸರಿಯಾಗಿ ಬರುತ್ತಿತ್ತು: ‘ನೋಡಮ್ಮ, ಅರ್ಧ ನೀವು ತಗೊಳ್ಳಿ, ಅರ್ಧ ನಾನು ತಗೋತೀನಿ.’

ಅಷ್ಟರಲ್ಲಿ ಹಲ್ಲಿನ ಡಾಕ್ಟರಿಗೇ ಸಾಕಾಗಿಹೋಗಿತ್ತು. ಒಬ್ಬ ಬ್ರೋಕರು ಬಂದು ಹೋದರೆ ಇನ್ನೊಬ್ಬ ಬರುವನು. ಎರಡೂ ಪಾರ್ಟಿಗಳನ್ನು ಕರೆತನ್ನಿ, ಎದುರಾಎದುರು ಕೂತು ಮುಗಿಸೋಣ ಎಂದು ಹೇಳಿ ಕಳಿಸಿದರು. ಕೂಲಿಂಗ್ ಗ್ಲಾಸು ಹೆದರುತ್ತಲೇ ವಿಷಯ ತಿಳಿಸಿದ. “ಎದುರಾಎದುರು ಅಂದ್ರೆ ರೇಟು ಕೈ ಮೀರಿ ಹೋಗುತ್ತೆ ಮೇಡಂ. ನೀವು ಗಟ್ಟಿಯಾಗಿರಿ.”

“ನಾನು ಬರ್ತೀನಿ” ಎಂದರು ವಾರ್ಡನ್. ಅವರ ದನಿಯಲ್ಲಿದ್ದ ಉತ್ಸಾಹ ಕೇಳಿ ಅವನಿಗೆ ಅರ್ಥವಾಗಲಿಲ್ಲ.

ಆ ದಿನ ಇಸ್ತ್ರಿ ಮಾಡಿದ ಬಟ್ಟೆ ಉಟ್ಟರು. ದಾರಿಯಲ್ಲಿ ಬೇಕರಿಯ ಮುಂದೆ ನಿಂತು, ಬರಿಗೈಯಲ್ಲಿ ಮಗುವಿನ ಎದುರು ಹೋಗುವುದು ಹೇಗೆಂದು ಬಿಸ್ಕತ್ತು ಕೇಳಿದರು. ಬೇಕರಿಯವನು “ಮಗು ಎಷ್ಟು ದೊಡ್ಡದು?” ಎಂದ. ಗೊತ್ತಿಲ್ಲ. ಹಲ್ಲು ಬಂದಿದೆಯೋ ಇಲ್ಲವೋ. ಬಾಯಲ್ಲಿಟ್ಟರೆ ಕರಗುವಂಥದ್ದನ್ನು ಕೊಡಪ್ಪ ಎಂದರು.

ಡಾಕ್ಟರ ಮನೆಯ ಮುಂದಿನ ಕೋಣೆ ಇನ್ನೂ ಕ್ಲಿನಿಕ್ಕಿನ ಹಾಗೆಯೇ ಇತ್ತು. ನಡುವೆ ಹಲ್ಲು ಕೀಳುವ ದೊಡ್ಡ ಕುರ್ಚಿ, ಅದರ ಮೇಲೆ ಬಗ್ಗಿದ ದೀಪ, ಗೋಡೆಯ ಮೇಲೆ ಬಣ್ಣ ಮಾಸಿದ ದವಡೆಯ ಚಿತ್ರ. ಆ ಮನೆಯಲ್ಲಿ ಡಾಕ್ಟರು ಒಬ್ಬರೇ ಇದ್ದರು. ಕೂಲಿಂಗ್ ಗ್ಲಾಸು ಮೊದಲೇ ಬಂದು ಗೋಡೆಗೊರಗಿ ನಿಂತಿದ್ದ. ಇದ್ದ ಎರಡು ಕುರ್ಚಿಗಳಲ್ಲಿ ಒಂದರ ಮೇಲೆ ಹಳೆಯ ಪೇಪರುಗಳಿದ್ದವು, ಇನ್ನೊಂದು ಅವರದು. ಹಾಗಾಗಿ ವಾರ್ಡನ್ ಹಲ್ಲು ಕೀಳುವ ಕುರ್ಚಿಯ ಅಂಚಿನಲ್ಲಿ ಕುಳಿತುಕೊಳ್ಳಬೇಕಾಯಿತು.

“ಭಯ ಪಡಬೇಡಿ, ಕೀಳೋದು ಬಿಟ್ಟು ಬಹಳ ದಿನ ಆಯ್ತು” ಎಂದರು ಡಾಕ್ಟರು. ಆ ನಗೆಚಾಟಿಕೆಯನ್ನು ಅವರು ಯಾರಿಗೂ ಹೇಳದೆ ಬಹಳ ಕಾಲ ಇಟ್ಟುಕೊಂಡಂತಿತ್ತು. “ಚೀಲದಲ್ಲೇನು?”

“ಬಿಸ್ಕತ್ತು. ಅವರ ಮಗುಗೆ.”

“ಎದುರು ಪಾರ್ಟಿ ಮಗುಗಾ?” ಡಾಕ್ಟರು ಕನ್ನಡಕದ ಮೇಲಿಂದ ನೋಡಿದರು. “ಹಲ್ಲಿಗೆ ಒಳ್ಳೇದಲ್ಲ.”

ಹೊರಗೆ ಸ್ಕೂಟರು ನಿಂತ ಸದ್ದಾಯಿತು. ಮೊದಲು ಜೆರಾಕ್ಸ್ ಅಂಗಡಿಯವನ ದನಿ: “ಬನ್ನಿ ಅಮ್ಮ, ಬಂದು ಒಂದು ಮಾತು ಹೇಳಿ, ನನ್ನ ಮಾನ ಉಳಿಸಿ.” ವಾರ್ಡನ್ ಬಿಸ್ಕತ್ತಿನ ಚೀಲವನ್ನು ತೊಡೆಯ ಮೇಲೆ ನೆಟ್ಟಗೆ ಇಟ್ಟುಕೊಂಡರು. ಬಟ್ಟೆ ಹಿಂಡುವಾಗ ಸರಿಯಾಗಿ ಬರುತ್ತಿದ್ದ ವಾಕ್ಯ ಬಾಯಿಗೆ ಬರುತ್ತದೋ ಇಲ್ಲವೋ ಎಂದು ತುಟಿಯಲ್ಲೇ ಒಮ್ಮೆ ಹೇಳಿಕೊಂಡರು. ನೋಡಮ್ಮ, ಅರ್ಧ ನೀವು ತಗೊಳ್ಳಿ.

ಬಾಗಿಲಲ್ಲಿ ನೆರಳು ಬಿತ್ತು. ತೆಳ್ಳಗಿನ ಹೆಂಗಸು. ಕೂದಲು ಸರಿಯಾಗಿ ಬಾಚಿರಲಿಲ್ಲ. ಸೊಂಟದ ಮೇಲೆ ಮಗು.

“ದೊಡ್ಡಮ್ಮ! ನೀನೇನು ಮಾಡ್ತಿದೀಯ ಇಲ್ಲಿ?”

ವಾರ್ಡನ್ ತಂಗಿಯ ಮಗಳ ಹಿಂದೆ ನೋಡಿದರು. ಇನ್ನೂ ಯಾರಾದರೂ ಬರುತ್ತಾರೇನೋ ಎಂದು. ಜೆರಾಕ್ಸ್‌ನವನು ಚಪ್ಪಲಿ ಬಿಡುತ್ತಿದ್ದ. ಅವನ ಹಿಂದೆ ರಸ್ತೆ, ರಸ್ತೆಯಲ್ಲಿ ಬಿಸಿಲು.

“ನೀನೇನು ಮಾಡ್ತಿದೀಯೇ ಇಲ್ಲಿ?”

“ಅಯ್ಯೋ, ನೀನೇ ಅಲ್ವಾ ರೇಟ್ ಕೇಳು ಅಂದಿದ್ದು! ಇವರು ಸುಮ್ನೆ ರೇಟ್ ಹೇಳಲ್ಲ ಅಂದ್ರು. ಯಾರು ತಗೋಳೋರು, ಎಷ್ಟು ಜನ, ಎಲ್ಲಾ ಕೇಳಿದ್ರು. ನಾವೇ, ಗಂಡ ಹೆಂಡತಿ ಮಗು ಅಂದೆ. ಇನ್ನೊಂದು ಪಾರ್ಟಿ ಇಷ್ಟು ಅಂದಿದಾರೆ, ಸ್ವಲ್ಪ ಮೇಲೆ ಹೋಗ್ತೀರಾ ಅಂದ್ರು. ನಿಜವಾದ ರೇಟ್ ಗೊತ್ತಾಗ್ಲಿ ಅಂತ ಹೂಂ ಅಂದೆ. ಆಮೇಲೆ ಬಿಡ್ಲೇ ಇಲ್ಲ ದೊಡ್ಡಮ್ಮ! ಪುಟ್ಟಿ ಜ್ವರದಲ್ಲಿದ್ದಾಗೆಲ್ಲ ಫೋನು. ಅವರು ಏರಿಸಿದ್ರು, ನೀವು ಏರಿಸ್ತೀರಾ, ಅವರು ಏರಿಸಿದ್ರು, ನೀವು? ಫೋನ್ ಇಟ್ರೆ ಸಾಕಾಗಿತ್ತು ನನಗೆ, ಹೂಂ ಹೂಂ ಅಂತಿದ್ದೆ. ಈಗ ನಮ್ಮನೆಯವರಿಗೆ ಗೊತ್ತಾದ್ರೆ ನನ್ನನ್ನ ಮನೆಯಿಂದ ಆಚೆ ಹಾಕ್ತಾರೆ, ಇಲ್ಲದ ದುಡ್ಡಿಗೆ ಸೈಟ್ ಏಲಂ ಕೂಗಿದೀನಿ ಅಂತ. ಕೈಮುಗಿದು ಬೇಡ ಅಂತ ಹೇಳಿ ಹೋಗೋಣ ಅಂತ ಬಂದೆ.”

ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು. ಕಣ್ಣಲ್ಲಿ ನೀರು ನಿಂತಿತ್ತು. ಮಗು ಮಾತ್ರ ಬಗ್ಗಿದ ದೀಪದ ಕಡೆಗೆ ಕೈ ಚಾಚುತ್ತಿತ್ತು.

ಡಾಕ್ಟರು ಮೊದಲು ಒಬ್ಬರನ್ನು, ಆಮೇಲೆ ಇನ್ನೊಬ್ಬರನ್ನು ನೋಡಿದರು. “ಅಂದ್ರೆ ಎರಡು ಪಾರ್ಟಿ ಇಲ್ಲ. ಇವರೊಬ್ಬರೇ, ತಮ್ಮ ಮೇಲೆ ತಾವೇ ಏರಿಸಿದಾರೆ.”

“ನಿನಗೆ ನಾನು ಅಂತ ಹೊಳೀಲೇ ಇಲ್ವೇನೇ?” ಎಂದರು ವಾರ್ಡನ್.

“ನೀನು ಬರೀ ವಿಚಾರಿಸ್ತಿದೀಯ ಅಂದ್ಕೊಂಡಿದ್ದೆ. ಇವರು ಹೇಳಿದ್ದು ಯಾರೋ ಒಬ್ಬರು ಹೆಂಗಸು, ದುಡ್ಡಿಗೇನೂ ಬರ ಇಲ್ಲ, ಹಿಂದೆ ಮುಂದೆ ಯಾರೂ ಇಲ್ಲ ಅಂತ. ನೀನು ಅಂತ ಹೇಗೆ ಹೊಳೆಯುತ್ತೆ? ನಾನಿಲ್ವಾ ನಿನಗೆ?”

ವಾರ್ಡನ್ ಚೀಲದ ಹಿಡಿಯನ್ನು ಬೆರಳಿಗೆ ಸುತ್ತಿಕೊಂಡರು. ತಾವು ಇಷ್ಟು ದಿನ ಆ ಹೆಂಗಸಿನ ತೊಟ್ಟಿಲಿಗೆ ಗಿಡ ಹುಡುಕುತ್ತಿದ್ದಾಗ ಆ ಕಡೆ ತಲುಪಿದ್ದ ತಮ್ಮ ಚಿತ್ರ ಇದು. ಹಿಂದೆ ಮುಂದೆ ಯಾರೂ ಇಲ್ಲ.

ಜೆರಾಕ್ಸ್‌ನವನು ಇನ್ನೊಂದು ಪಾರ್ಟಿಯ ಮಾತು ಮೊದಲು ಎತ್ತಿದ್ದು ಕೂಲಿಂಗ್ ಗ್ಲಾಸು ಎಂದು ವಾರ್ಡನ್ನಿನ ಬಾಯಿಂದ ಕೇಳಿ, ಅವನ ಮೇಲೆ ಹರಿಹಾಯ್ದ. “ನಾನು ಮೊದಲು ಡಾಕ್ಟರನ್ನ ಕೇಳಿದಾಗ ನಿನ್ನ ಪಾರ್ಟಿ ಇದೆ ಅಂದ್ರು, ಸರಿ. ನೀನು ಯಾವ ಪಾರ್ಟಿ ಇದೆ ಅಂತ ಇವರಿಗೆ ಹೇಳಿದ್ದು, ನಾನು ಬರೋಕ್ಕೆ ಮುಂಚೆ?”

“ಅದು ಹಾಗೇ ಹೇಳೋದು ಕಣಯ್ಯ, ನೀನು ಹೇಳಲ್ವಾ? ನಾನು ಹೇಳಿದ್ದು ಸುಳ್ಳೇ. ಆಮೇಲೆ ನೀನು ಬಂದು ನಿಜ ಮಾಡಿದ್ದು!” ಕೂಲಿಂಗ್ ಗ್ಲಾಸು ವಾರ್ಡನ್ನಿನ ಕಡೆ ತಿರುಗಿದ. “ನಂಬಿ ಮೇಡಂ, ಅವತ್ತು ನಾನೇ ಬೆಚ್ಚಿಬಿದ್ದೆ.”

ಡಾಕ್ಟರು ನಗತೊಡಗಿದರು. ಕೆಮ್ಮು ಬರುವವರೆಗೂ ನಕ್ಕರು. ಆಮೇಲೆ ಕನ್ನಡಕ ಒರೆಸಿಕೊಂಡು, “ನೀವು ಮೊದಲು ಹೇಳಿದ್ದೇ ನನಗೆ ಸಾಕಾಗಿತ್ತಮ್ಮ. ಇವರಿಬ್ಬರೂ ತಡೀರಿ ತಡೀರಿ ಅಂದ್ರು. ನಿಜ ಹೇಳ್ಬೇಕಂದ್ರೆ ನಾನೂ ಬೇಗ ಮುಗಿಸಲಿಲ್ಲ. ಈ ಒಂದು ತಿಂಗಳು ದಿನಾ ಯಾರಾದ್ರೂ ಬೆಲ್ ಮಾಡ್ತಿದ್ರು” ಎಂದರು. ಸ್ವಲ್ಪ ಹೊತ್ತು ದವಡೆಯ ಚಿತ್ರ ನೋಡುತ್ತಿದ್ದು, ಏರಿಸಿದ್ದರಲ್ಲಿ ಮುಕ್ಕಾಲು ಪಾಲು ಬಿಟ್ಟರು. ಪೂರ್ತಿ ಬಿಡಲಿಲ್ಲ, ಅವರೂ ಮನುಷ್ಯರೇ. ವಾರ್ಡನ್ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಜಗುಲಿ ವಾಪಸು ಬಂತು, ಟೈಲ್ಸು ಬಂತು. ಎರಡನೆಯ ಕಿಟಕಿ ಡಾಕ್ಟರ ಹತ್ತಿರವೇ ಉಳಿಯಿತು.

ಸೈಟು ಸಿಕ್ಕಿತು. ಯಾರ ಜೊತೆಯೂ ಹಂಚಿಕೊಳ್ಳಬೇಕಾಗಿಲ್ಲ. ಎಲ್ಲರೂ “ಒಳ್ಳೇದಾಯ್ತು, ಒಳ್ಳೇದಾಯ್ತು” ಎಂದರು. ಕೂಲಿಂಗ್ ಗ್ಲಾಸು ಕನ್ನಡಕವನ್ನು ಮತ್ತೆ ತಲೆಗೇರಿಸಿದ.

ವಾರ್ಡನ್ ಚೀಲದಿಂದ ಬಿಸ್ಕತ್ತಿನ ಪೊಟ್ಟಣ ತೆಗೆದು ಮಗುವಿಗೆ ಕೊಟ್ಟರು. ತಂಗಿಯ ಮಗಳು ಅದನ್ನು ಇಸಿದುಕೊಂಡು, ತಿರುಗಿಸಿ, ಯಾವತ್ತಿನದೆಂದು ತಾರೀಖು ಓದಿ, ಆಮೇಲೆ ಒಂದನ್ನು ಮುರಿದು ಮಗುವಿನ ಬಾಯಿಗಿಟ್ಟಳು.

“ನಿನಗೆ ತರ್ಬೇಕು ಅಂತ ಹೇಗನ್ನಿಸ್ತು ದೊಡ್ಡಮ್ಮ? ನಾವು ಬರೋದು ಗೊತ್ತಿರ್ಲಿಲ್ವಲ್ಲ?”

“ಹಾಗೇ ತಂದೆ.”

ಬಸ್ ಸ್ಟಾಪಿನವರೆಗೂ ಜೊತೆಯಲ್ಲಿ ನಡೆದರು. ವಾರ್ಡನ್ ಅವಳ ಕೈಯಿಂದ ಮಗುವನ್ನು ಎತ್ತಿಕೊಂಡರು. ಜ್ವರ ಬಿಟ್ಟ ಮಗು ಹಗುರವಾಗಿತ್ತು. ಆ ವಾಕ್ಯ ಇನ್ನೂ ನಾಲಗೆಯ ತುದಿಯಲ್ಲೇ ಇತ್ತು. ಹೇಳಿದರೇನು? ಹೊರಗಿನವಳಿಗೆ ಹೇಳಲು ಸಿದ್ಧವಿದ್ದದ್ದನ್ನು ಸ್ವಂತ ತಂಗಿಯ ಮಗಳಿಗೆ ಹೇಳಲು ಏನು ಕಷ್ಟ?

“ಆ ಏರಿಯಾ ಹೇಗಿದೆ ದೊಡ್ಡಮ್ಮ?” ಅವಳೇ ಕೇಳಿದಳು. ವಾರ್ಡನ್ ನಡಿಗೆ ನಿಧಾನ ಮಾಡಿದರು.

“ಚೆನ್ನಾಗಿದೆ ಕಣೇ. ಒಂದು ಸೀಬೆ ಗಿಡ ಇದೆ.”

“ಆಸ್ಪತ್ರೆ ಎಷ್ಟು ದೂರ? ನಂಗಂತೂ ಪುಟ್ಟಿ ಡಾಕ್ಟರ ಮನೆ ಎರಡು ರಸ್ತೆ ಆಚೆ ಇಲ್ದಿದ್ರೆ ನಿದ್ದೆ ಬರಲ್ಲ. ಇವರ ಆಫೀಸಿಗೂ ನಮ್ಮ ಈಗಿನ ಮನೆಯೇ ಹತ್ತಿರ. ನಿನಗೇನು, ನೀನು ಗಟ್ಟಿ. ನಾನಾಗಿದ್ರೆ ಅಷ್ಟು ದೂರ ಹೋಗಿ ಒಬ್ಳೇ...” ಎಂದವಳು ಅಷ್ಟಕ್ಕೇ ನಿಲ್ಲಿಸಿದಳು. “ಬರ್ತಿರ್ತೀವಿ ಬಿಡು. ಖಂಡಿತ ಬರ್ತೀವಿ.”

“ಬನ್ನಿ” ಎಂದರು ವಾರ್ಡನ್. ಅವಳ ಬಸ್ಸು ಬಂತು. ಮಗುವನ್ನು ವಾಪಸು ಕೊಟ್ಟರು.

ಕೋಣೆ ಖಾಲಿ ಮಾಡುವ ದಿನ ಹುಡುಗಿಯರು ಸೇರಿ ಒಂದು ಗೋಡೆ ಗಡಿಯಾರ ಕೊಟ್ಟರು. ವಾರ್ಡನ್ ಬೀಗದ ಕೈ ಗೊಂಚಲನ್ನು ಹೊಸಬಳ ಕೈಗಿಟ್ಟರು. ಮಂಚದ ಕೆಳಗಿನ ಬಕೀಟುಗಳಲ್ಲಿ ಗಟ್ಟಿಯಾದವನ್ನು ಆರಿಸಿ ಒಂದರೊಳಗೊಂದು ಸೇರಿಸಿ, ಮನೆ ಎದ್ದೇಳುವವರೆಗೆ ಇರಲು ಹಿಡಿದ ಬಾಡಿಗೆ ಕೋಣೆಗೆ ಸಾಗಿಸಿದರು. ಕೆಲವೇ ತಿಂಗಳಿಗೆ ಎಂದಾಗ ಆ ಮನೆಯವರು ಒಬ್ಬರೇನಾ ಎಂದು ಕೇಳಿರಲಿಲ್ಲ.

ಪಾಯ ಗುರುತು ಹಾಕುವ ದಿನ ಮೇಸ್ತ್ರಿ ಬೇಗನೆ ಬಂದಿದ್ದ. ಗೂಟ ಹೊಡೆದು, ದಾರ ಎಳೆಯುತ್ತ, “ಸೈಟಿನ ಮಧ್ಯಕ್ಕೇ ಹಾಕೋಣ ಅಮ್ಮ. ನಾಲ್ಕೂ ಕಡೆ ಗಾಳಿ ಆಡುತ್ತೆ” ಎಂದ.

“ಬೇಡ. ಟ್ಯಾಂಕಿನ ಕಡೆಗೆ ಒತ್ತಿ ಹಾಕು.”

“ಟ್ಯಾಂಕಿನ ಕಡೆಗಾ? ನೀರು ತುಂಬಿ ಚೆಲ್ಲಿದ್ರೆ ನಿಮ್ಮ ಗೋಡೆಗೇ ಬರುತ್ತೆ.”

“ಬರಲಿ. ಇರೋ ಒಂದು ಕಿಟಕಿ ಈ ಕಡೆಗೆ ಇಡು, ಗಿಡದ ಕಡೆಗೆ.”

ಮೇಸ್ತ್ರಿ ದಾರ ಕೈಯಲ್ಲಿ ಹಿಡಿದೇ ಖಾಲಿ ಉಳಿಯುವ ಅರ್ಧ ನೆಲವನ್ನು ನೋಡಿದ. “ಇಷ್ಟು ಜಾಗ ಪೂರ್ತಿ ದಂಡ ಆಗುತ್ತಲ್ಲಮ್ಮ. ಯಾರಿಗೆ ಬಿಡ್ತಿದೀರಿ?”

“ಇನ್ನೊಂದು ಪಾರ್ಟಿ ಇದೆ” ಎಂದರು ವಾರ್ಡನ್. ಅಭ್ಯಾಸದಂತೆ ಕೈ ತಾನಾಗಿ ಒಮ್ಮೆ ಅಲ್ಲಾಡಿತು. ಅದರಲ್ಲಿ ಬೀಗದ ಕೈಗಳಿರಲಿಲ್ಲ.

“ಓ, ಹಾಗಾ. ಕಟ್ತಾರಾ ಅವರೂ?”

“ನೋಡ್ಬೇಕು.”

“ಹಾಗಿದ್ರೆ ಈಗ್ಲೇ ಆ ಕಡೆಗೂ ಒಂದು ನೀರಿನ ಪೈಪು ಬಿಟ್ಟಿರ್ಲಾ? ಆಮೇಲೆ ನೆಲ ಅಗೆಯೋ ಕೆಲಸ ಇರಲ್ಲ.”

ವಾರ್ಡನ್ ಬಸ್ಸು ತಿರುಗುವ ಜಾಗದ ಕಡೆ ನೋಡಿದರು. ಬಸ್ಸೊಂದು ಬಂದು ನಿಂತು, ಯಾರನ್ನೂ ಇಳಿಸದೆ, ತಿರುಗಿ ಹೊರಟಿತು.

“ಬಿಟ್ಟಿರು” ಎಂದರು.